ಕೆಂಪು ನೂಲಿಲ್ಲದ ಕೈಗವಸು

"ಬೂಗು ಹಿಡ್ಕೊಳ್ದೇ ಅದದ್ದ ಬುಟ್ಟೋಕಾಗಲ್ಲ ಬಾರಾಯ್ತಿ!"

ಷೆರೀಫ್ ಟ್ರೆಲೋರ್ ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದಿದ್ದರಿಂದ ಅವರ ಬಾಯಲ್ಲಿ ಮಕಾರವೆಲ್ಲ ಬಕಾರವಾಗಿ, ನಕಾರವೆಲ್ಲ ದಕಾರವಾಗಿ ಹೊರಬೀಳುತ್ತಿತ್ತು.

"ಬುಟ್ಟದೇ ಇದ್ರೆ ದಾದು ದೋಡೋದು ಹೇಗೆ ಸಾರ್?" ಎಂದಳು ಐಲಿ, ಅದೇ ದನಿಯಲ್ಲಿ, ಮೂಗಿಗೆ ಕೈಯನ್ನೂ ತಾಗಿಸದೆ.

ಸಾಹೇಬರು ನಗಲಿಲ್ಲ. ನಗುವ ಬೆಳಗೂ ಅದಾಗಿರಲಿಲ್ಲ. ಮೂರು ದಿನದ ಹಿಂದೆ ಮುದುಕ ವೈನೊ ರಾಂತಾ ತಾನು ನರಿಗೆ ಬೋನು ಹೂಡುವ ತೊರೆಯ ದಂಡೆಯಲ್ಲಿ, ತಲೆಯ ಹಿಂಭಾಗ ಒಡೆದು ಹೆಣವಾಗಿ ಸಿಕ್ಕಿದ್ದ. ಹೆಣದ ಪಕ್ಕ ನಿಂತಿದ್ದವನು ಟೌನೊ ಕೊಸ್ಕೆಲಾ. ವೈನೊ ಜೊತೆ ಹತ್ತಾರು ವರ್ಷದಿಂದ ಮಾತು ಬಿಟ್ಟ ವೈರಿ. ಐಲಿಯ ಚಿಕ್ಕಪ್ಪ. ತಂದೆ ಹೋದಮೇಲೆ ಅವಳಿಗೆ ಅನ್ನ ಹಾಕಿ, ಜಡೆ ಹಾಕಿ, ಪೊಲೀಸ್ ಪರೀಕ್ಷೆಗೆ ಫೀಸು ಹಾಕಿದವನು. ಈಗ ಒಳಗೆ ಲಾಕಪ್ಪಿನಲ್ಲಿದ್ದ. ಮಧ್ಯಾಹ್ನ ಜಿಲ್ಲಾ ಕೋರ್ಟಿನ ವ್ಯಾನು ಬರುತ್ತದೆ. ಅದು ಹತ್ತಿಸಿಕೊಂಡು ಹೋದರೆ ಕೊಲೆಯ ಆರೋಪ ಖಾಯಂ.

"ಈ ಕೇಸಲ್ಲಿ ನೀನಿಲ್ಲ," ಎಂದರು ಟ್ರೆಲೋರ್, ಕೊನೆಗೂ ಮೂಗು ಬಿಟ್ಟು. "ಸಂಬಂಧಿಕಳು. ನಿನಗೆ ರಜೆ ಕೊಟ್ಟಿದ್ದೀನಿ."

"ರಜೆಯಲ್ಲೇ ಇದ್ದೀನಿ ಸಾರ್. ಹವಾ ತಗೊಳ್ತಾ ಇದ್ದೀನಿ."

"ಈ ಹವಾನಾ?"

ಕಚೇರಿಯ ಹಿಂದಿನ ಜಗಲಿಯಲ್ಲಿ, ಹಿಮ ಬೀಳುವ ಜಾಗದಲ್ಲಿ, ಮೊಳೆಯೊಂದಕ್ಕೆ ಪ್ಲಾಸ್ಟಿಕ್ ಚೀಲ ತೂಗುಹಾಕಿತ್ತು. ಒಳಗೆ ಸತ್ತವನ ಕೈಯಿಂದ ಬಿಚ್ಚಿದ ಒಂದು ಜೊತೆ ಕೈಗವಸು. ಸಾಕ್ಷ್ಯದ ಬೀರುವಿನಲ್ಲಿ ಇರಬೇಕಾದದ್ದನ್ನು ಸಾಹೇಬರು ಮೊದಲ ದಿನವೇ ಊರಾಚೆಗೆ, ಅಂದರೆ ಈ ಜಗಲಿಗೆ, ಗಡೀಪಾರು ಮಾಡಿದ್ದರು. ತಪ್ಪು ಅವರದಲ್ಲ. ಕೈಗವಸಿಗೆ ಮೆತ್ತಿದ್ದದ್ದು ಲೇಹ್ಯ.

ಮಿಷಿಗನ್ನಿನ ಈ ಉತ್ತರದ ಕಾಡಂಚಿನಲ್ಲಿ ನರಿ ಹಿಡಿಯುವವರು ತಮ್ಮ ವಾಸನೆಮದ್ದನ್ನು ತಾವೇ ಮಾಡಿಕೊಳ್ಳುತ್ತಾರೆ. ಹೊಳೆಯಲ್ಲಿ ಬದುಕುವ ಬೀವರ್ ಪ್ರಾಣಿಯ ಗ್ರಂಥಿ ಅರೆದು, ಮೀನನ್ನು ಸೀಸೆಯಲ್ಲಿ ಕೊಳೆಸಿ ಎಣ್ಣೆ ಇಳಿಸಿ, ಚಳಿಗೆ ಹೆಪ್ಪುಗಟ್ಟದಿರಲೆಂದು ಗ್ಲಿಸರಿನ್ ಬೆರೆಸಿ, ದೂರದಿಂದ ಕೂಗಿ ಕರೆಯಲೆಂದು ನಾತ ಚಿಮ್ಮಿಸುವ ಸ್ಕಂಕ್ ಪ್ರಾಣಿಯ ನಾಲ್ಕು ಹನಿ ಬಿಟ್ಟು, ಒಂದು ಬೇಸಿಗೆ ಪೂರ್ತಿ ಬಿಸಿಲಿಗಿಟ್ಟರೆ ಲೇಹ್ಯ ಸಿದ್ಧ. ತಿಂದವರ ಆಯುಸ್ಸು ಹೆಚ್ಚಿಸುವ ಲೇಹ್ಯವಲ್ಲ; ಮೂಸಿದವರ ಆಯುಸ್ಸು ಮುಗಿಸುವ ಲೇಹ್ಯ.

"ಇನ್ನೊಂದು ಮಾತು," ಎಂದರು ಟ್ರೆಲೋರ್, ಒಳಗೆ ಹೋಗುತ್ತ ತಿರುಗಿ. "ನಿನ್ನ ಮಂಗಾಟ ನಿಲ್ಲಿಸು. ಕ್ರಿಸ್‌ಮಸ್ಸಿಗೆ ಬಿಷಪ್ ದನಿಯಲ್ಲಿ ಫೋನ್ ಮಾಡಿ ನನ್ನಿಂದ ತಪ್ಪೊಪ್ಪಿಗೆ ಮಾಡಿಸಿದೆ, ಸಹಿಸ್ಕೊಂಡೆ. ನಿನ್ನೆ ಸಂಜೆ ನಿಮ್ಮ ಚಿಕ್ಕಪ್ಪನ ದನಿಯಲ್ಲಿ 'ಹುಡುಗಿ ಇದಾಳಾ' ಅಂತ ಕೇಳಿ ಟಪ್ಪಂತ ಇಟ್ಟೆಯಲ್ಲ, ಆ ಮನುಷ್ಯ ಇಲ್ಲೇ ಕಂಬಿ ಹಿಂದೆ ಗೊರಕೆ ಹೊಡೀತಿದ್ದ! ಇದು ತಮಾಷೆ ಮಾಡೋ ಹೊತ್ತಾ?"

ನಿನ್ನೆ ಸಂಜೆ ಐಲಿ ಯಾರಿಗೂ ಫೋನ್ ಮಾಡಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಚೀಲದ ಕಡೆ ಹೋಯಿತು.

ಚೀಲದೊಳಗಿನ ಕೈಗವಸು ಗಾಳಿಗೆ ತಿರುಗಿ ಮಣಿಕಟ್ಟಿನ ಅಂಚು ಕಾಣಿಸಿತ್ತು. ಅಂಚಿನಲ್ಲಿ ಕಂದು ಚರ್ಮ. ಬರೀ ಕಂದು ಚರ್ಮ.

ಕೆಂಪು ನೂಲು ಇರಲಿಲ್ಲ.

ವೈನೊನ ಹೆಂಡತಿ ಲೆಂಪಿ ಅಜ್ಜಿ ಅಡುಗೆಮನೆಯಲ್ಲಿ ಏಲಕ್ಕಿ ಹಾಕಿದ ಸಿಹಿಯಾದ ನೀಸು ರೊಟ್ಟಿ ಬೇಯಿಸಿಟ್ಟುಕೊಂಡು ಕುಳಿತಿದ್ದಳು. ಸಾವಿನ ಮನೆಗೆ ಬರುವವರಿಗೆ ಕಾಫಿ ಜೊತೆ ಕೊಡಬೇಕಲ್ಲ. ಏಲಕ್ಕಿಯ ಘಮ ಬಾಗಿಲಲ್ಲೇ ಬಂದು ಐಲಿಯ ಕೈಹಿಡಿಯಿತು.

"ತಗೋ ಮಗಳೇ, ಬಿಸಿಯಿದೆ."

"ಬೇಡ ಅಜ್ಜಿ. ಕಾಫಿ ಸಾಕು."

"ಇನ್ನೂ ತಿನ್ನಲ್ವಾ ನೀನು?"

"ಅಪ್ಪ ಹೋದ್ಮೇಲೆ ಬಿಟ್ಟೆ."

ಅಜ್ಜಿ ಒತ್ತಾಯಿಸಲಿಲ್ಲ. ಐಲಿಯ ಅಪ್ಪ ಆರ್ಮಸ್ ಕೊಸ್ಕೆಲಾ, ಅವಳು ಶಾಲೆಯಲ್ಲಿದ್ದಾಗ, ಸರೋವರದ ಮಂಜುಗಡ್ಡೆ ಒಡೆದು ಮುಳುಗಿದ್ದ. ಹೆಣ ಸಿಗಲಿಲ್ಲ. ಸಿಕ್ಕಿದ್ದು ಟೋಪಿ ಮಾತ್ರ. ನೀಸು ರೊಟ್ಟಿಗೂ ಅದಕ್ಕೂ ಏನು ಸಂಬಂಧವೆಂದು ಊರವರಿಗೆ ಗೊತ್ತಿರಲಿಲ್ಲ. ಆರ್ಮಸ್ ಹೆಂಡತಿಯ ಡಬ್ಬದಿಂದ ಏಲಕ್ಕಿ ಕದ್ದು ತನ್ನ ನರಿ ಲೇಹ್ಯಕ್ಕೆ ಕುಟ್ಟಿ ಹಾಕುತ್ತಿದ್ದ. ಅಮ್ಮ ಸಾಯುವವರೆಗೂ ಇಲಿಗಳನ್ನೇ ಬೈದಳು. ಗುಟ್ಟು ಗೊತ್ತಿದ್ದದ್ದು ಮೂವರಿಗೆ: ಅಪ್ಪ, ಅಪ್ಪನ ತಮ್ಮ ಟೌನೊ, ಮತ್ತು ಮೇಜಿನ ಕೆಳಗೆ ಕೂತು ಸಿಪ್ಪೆ ಸುಲಿದುಕೊಡುತ್ತಿದ್ದ ಐಲಿ. "ನರಿಗೆ ಪಾಯಸ," ಎನ್ನುತ್ತಿದ್ದ ಅಪ್ಪ, ತಮ್ಮನ ದನಿಯ ಪಡಿಯಚ್ಚಿನಂಥ ದನಿಯಲ್ಲಿ. "ಹೊರಗೆ ಬಾಯಿ ಬಿಟ್ಟರೆ ನಾಳೆ ಊರಿಗೆಲ್ಲ ಔತಣ."

ಐಲಿ ಕಾಫಿ ಹೀರಿ ವಿಷಯಕ್ಕೆ ಬಂದಳು. "ಅಜ್ಜಿ, ವೈನೊ ತಾತನ ಕೈಗವಸಿಗೆ ನೂಲು ಹೊಲೀತಿದ್ದದ್ದು ನೀವೇ ಅಲ್ವಾ?"

"ಮತ್ತಿನ್ಯಾರು? ಕಣ್ಣು ಮಂಜಾದ್ಮೇಲೆ ಎರಡು ಜೊತೆಗೆ ವ್ಯತ್ಯಾಸ ತಿಳೀದೆ ಒದ್ದಾಡ್ತಿದ್ದ. ಕಬ್ಬಿಣ, ಅಂದ್ರೆ ಬೋನು, ಮುಟ್ಟೋ ಕೈಗವಸು ಬೇರೆ, ಲೇಹ್ಯದ್ದು ಬೇರೆ. ಲೇಹ್ಯದ್ದಕ್ಕೆ ಕೆಂಪು ನೂಲು ಹಾಕಿ, ಡಬ್ಬದಲ್ಲಿ ಮುಚ್ಚಿಡು ಅಂದೆ. ಕಬ್ಬಿಣದ್ದು ಮೊಳೆ ಮೇಲೆ, ಗಾಳಿಗೆ."

ಐಲಿಗೆ ಗೊತ್ತಿದ್ದದ್ದೇ, ಆದರೆ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು. ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯ ಬೋನನ್ನು ಮರದ ತೊಗಟೆ ಹಾಕಿ ಕುದಿಸಿ, ಮೇಣ ಹಚ್ಚಿ, ಮನುಷ್ಯರ ವಾಸನೆಯನ್ನು ಅಳಿಸಿಟ್ಟಿರುತ್ತಾರೆ. ಅದನ್ನು ಮುಟ್ಟುವ ಕೈಗವಸಿಗೆ ಲೇಹ್ಯ ಸೋಕಿದರೆ ಕೆಲಸ ಕೆಟ್ಟಿತು. ನರಿ ಮದ್ದಿಟ್ಟ ಗುಂಡಿಯನ್ನು ಬಿಟ್ಟು ಬೋನನ್ನೇ ಕೆರೆದು, ಮಗುಚಿ, ಅದರ ಮೇಲೆ ಉಚ್ಚೆ ಹೊಯ್ದು ಹೋಗುತ್ತದೆ. ಈ ಊರಲ್ಲಿ ಎಂಟು ವರ್ಷದ ಮಕ್ಕಳೂ ಮಾಡದ ತಪ್ಪು. ವೈನೊ ಮಾಡುವುದಿಲ್ಲ. ಟೌನೊ ಅಂತೂ ಕನಸಿನಲ್ಲೂ ಮಾಡುವುದಿಲ್ಲ.

ಹಾಗಾದರೆ ಹೆಣಕ್ಕೆ ಆ ಕೈಗವಸು ತೊಡಿಸಿ, ಮೇಲೆ ಲೇಹ್ಯ ಬಳಿದು, 'ಮುದುಕ ಬೋನು ಹೂಡುತ್ತ ಸತ್ತ' ಎಂದು ನಾಟಕ ಕಟ್ಟಿದವನು ಬೋನು ಹೂಡದವನು.

"ಅಜ್ಜಿ, ಆವತ್ತು ಸಂಜೆ ನೀವೆಲ್ಲಿದ್ರಿ?"

"ಚರ್ಚಲ್ಲಿ ಹೆಂಗಸರ ಕಾಫಿಕೂಟ. ಹೊರಡೋವಾಗ ಇವನು ಹಬೆಸ್ನಾನಕ್ಕೆ ಅಂತ ಸೌನಾಕ್ಕೆ ಕಟ್ಟಿಗೆ ಒಟ್ತಿದ್ದ. ವಾರದ ಮಧ್ಯೆ ಯಾಕೋ ಅಂದ್ರೆ, ಸುಮ್ಮನೆ ಹಲ್ಲು ಕಿರಿದ." ಅಜ್ಜಿ ಸೆರಗಿಲ್ಲದ ಊರಿನವಳಾದ್ದರಿಂದ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಆ ಪಟ್ಟಣದವನು ಮತ್ತೆ ಬಂದಿದ್ದಾನೆ ಕಣೇ. ಲೇಹ್ಯದ ಗುಡಿಸಲಲ್ಲಿದ್ದಾನೆ. 'ನೆನಪಿಗೆ' ಒಂದೆರಡು ಸೀಸೆ ಬೇಕಂತೆ. ನೆನಪಿಗೆ! ಮಣ್ಣಾದ ಮಾರನೇ ದಿನ ಸುರಿಯೋಕೆ ಅಂತ ಎತ್ತಿಟ್ಟಿದ್ದೀನಿ ನಾನು."

ಮಾಡಿದವನು ಹೋದರೆ ಅವನ ಲೇಹ್ಯವೂ ಅವನ ಹಿಂದೆ ಹೋಗಬೇಕು. ಇಲ್ಲಿನ ಪದ್ಧತಿ ಅದು. ಅಪ್ಪನ ಸೀಸೆಗಳನ್ನು ಸರೋವರದ ಮಂಜಿನ ತೂತಿಗೆ ಒಂದೊಂದಾಗಿ ಸುರಿದವಳು ಐಲಿಯೇ. ಟೌನೊ ಕಂದೀಲು ಹಿಡಿದಿದ್ದ. ಒಂದು ಹನಿಯನ್ನೂ ಉಳಿಸಿಕೊಂಡಿರಲಿಲ್ಲ.

ಗುಡಿಸಲಿನಲ್ಲಿ ಡ್ವೈಟ್ ಪೆಲ್ಹಮ್ ಸೀಸೆಗಳ ಸಾಲಿನ ಮುಂದೆ, ಸಿಹಿತಿಂಡಿಯಂಗಡಿಗೆ ಬಂದ ಹುಡುಗನಂತೆ ನಿಂತಿದ್ದ. ದಕ್ಷಿಣದ ಪಟ್ಟಣದವನು. ಕಾಡಿನವರ ಚೌಕಳಿ ಜಾಕೆಟ್ಟು ಹಾಕಿದ್ದರೂ ಅಂಗಡಿಯ ಇಸ್ತ್ರಿಮಡಿಕೆ ಇನ್ನೂ ಹಾಗೇ ಇತ್ತು. ಲೇಹ್ಯವನ್ನು ಕಾರ್ಖಾನೆಯಲ್ಲಿ ಮಾಡಿ, ಟ್ಯೂಬಿಗೆ ತುಂಬಿ ಮಾರುವ ಯೋಜನೆ ಹೊತ್ತು ಎರಡು ತಿಂಗಳಿಂದ ವೈನೊನ ಬೆನ್ನುಬಿದ್ದಿದ್ದ.

"ಓ, ಮೇಡಂ! ಬನ್ನಿ, ಬನ್ನಿ. ತುಂಬಾ ದುಃಖದ ವಿಷಯ," ಎಂದ, ತನ್ನದೇ ಮನೆಯೆಂಬಂತೆ. "ವೈನೊ ಅಂಥವರು ಮತ್ತೆ ಹುಟ್ಟಲ್ಲ. ಅವರ ಹೆಸರು ಉಳೀಬೇಕು. ಟ್ಯೂಬ್ ಮೇಲೆ."

"ಮುಖಾನೂ ಹಾಕ್ತೀರಾ?"

"ಒಪ್ಪಿದ್ರೆ ಯಾಕಾಗಬಾರ್ದು?"

"ಯಾರು ಒಪ್ಪಬೇಕು? ನರೀನಾ?"

ಅವನು ಹೆಹ್ಹೆ ಎಂದ. ಐಲಿಯೂ ಹೆಹ್ಹೆ ಎಂದಳು, ಅವನ ಹೆಹ್ಹೆಯನ್ನೇ, ಮೂಗಿನ ಸೊರಸೊರದ ಸಮೇತ. ಅವನ ನಗು ಅರ್ಧಕ್ಕೇ ನಿಂತಿತು.

"ನಿಮ್ಮ ಚಿಕ್ಕಪ್ಪನ ವಿಷಯ ಕೇಳಿ ಬೇಜಾರಾಯ್ತು," ಎಂದ. "ಸಿಟ್ಟಿನ ಮನುಷ್ಯ ಅಂತ ಎಲ್ರೂ ಹೇಳ್ತಿದ್ರು ಬಿಡಿ."

ಈ ಸಾಂತ್ವನದ ಕೊನೆಯಲ್ಲಿ ಒಂದು ಮುಳ್ಳಿತ್ತು. ಐಲಿ ಅದನ್ನು ಚುಚ್ಚಿಸಿಕೊಂಡು, ನೋವಾದವಳಂತೆ ತಲೆ ತಗ್ಗಿಸಿದಳು.

"ಬೇಜಾರು ನನಗೂ ಇದೆ ಸಾರ್. ಪೊಲೀಸ್ ಕೆಲಸಾನೇ ಸಾಕಾಗಿದೆ. ನಿಮ್ಮ ಕಾರ್ಖಾನೇಲಿ ನಮ್ಮಂಥವರಿಗೆ ಏನಾದ್ರೂ ಕೆಲಸ..."

"ಅಯ್ಯೋ, ಯಾಕಿಲ್ಲ! ನಾನು ಈ ಫೀಲ್ಡಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ."

"ಯಾವ ಹೊಲದಲ್ಲಿ?"

"ಹಾಂ? ಅಲ್ಲ... ಕ್ಷೇತ್ರ, ಕ್ಷೇತ್ರ."

"ಹಾಗಾದ್ರೆ ಬೋನು ಹೂಡೋದೂ ಬರುತ್ತೆ ನಿಮಗೆ. ನಮ್ಮೋರು ಗಿರಾಕಿಗೆ ತೋರಿಸಿಕೊಡೋದ್ರಲ್ಲಿ ಸೊನ್ನೆ. ಒಂದ್ಸಲ ತೋರಿಸಿ ನೋಡೋಣ, ಹೇಗೆ ಅಂತ."

ಗುಡಿಸಲ ಮೂಲೆಯಲ್ಲಿ ವೈನೊ ಹೊಸ ಬೋನುಗಳನ್ನು ಪರೀಕ್ಷಿಸುತ್ತಿದ್ದ ಮಣ್ಣಿನ ಪೆಟ್ಟಿಗೆಯಿತ್ತು. ಗೋಡೆಗೆ ಬೋನುಗಳು. ಮೊಳೆಯ ಮೇಲೆ ಸವೆದು ಬಳಕೆ ತಪ್ಪಿದ ಹಳೆಯದೊಂದು ಜೊತೆ ಕೈಗವಸು, ಅದರ ಪಕ್ಕದ ಮೊಳೆ ಖಾಲಿ. ಹಲಗೆಯ ಮೇಲೆ ಮುಚ್ಚಿದ ಡಬ್ಬ. ಡಬ್ಬದೊಳಗೆ ಕೆಂಪು ನೂಲಿನ ಜೊತೆ ಹಾಗೇ ಇದೆಯೆಂದು ಐಲಿ ಬಂದ ಕೂಡಲೇ ಬೆರಳಲ್ಲಿ ಮುಚ್ಚಳ ಎತ್ತಿ ನೋಡಿಕೊಂಡಿದ್ದಳು.

ಹೊಗಳಿಕೆಯೂ ಒಂದು ಲೇಹ್ಯವೇ. ಪೆಲ್ಹಮ್ ಮೂಸುತ್ತ ಮೂಸುತ್ತ ಬಂದ.

"ನೋಡಿ, ಮೊದಲು ಕೈಗೆ ರಕ್ಷಣೆ." ಮೊಳೆಯಿಂದ ಕೈಗವಸು ಎಳೆದು ತೊಟ್ಟುಕೊಂಡ. "ಆಮೇಲೆ ಉತ್ಪನ್ನ." ಸೀಸೆಯ ಮುಚ್ಚಳ ತಿರುಗಿಸಿ ಎರಡು ಬೆರಳು ಅದ್ದಿದ. "ಗುಂಡಿಗೆ ಹೀಗೆ ಸವರಬೇಕು. ಕಂಜೂಸ್ತನ ಮಾಡಬಾರ್ದು." ಸವರಿದ. ಆಮೇಲೆ, ಅದೇ ಜಿಡ್ಡು ಬೆರಳಿನಲ್ಲಿ, ಗೋಡೆಯಿಂದ ಬೋನು ಇಳಿಸಿಕೊಂಡು ಅದರ ದವಡೆ ಅಗಲಿಸತೊಡಗಿದ.

ಐಲಿ ಅವನ ಬೆನ್ನ ಹಿಂದೆ ಬಂದು ನಿಂತಿದ್ದಳು. ಅವಳ ಗಂಟಲಿನಿಂದ ಹೊರಟದ್ದು ಅವಳ ದನಿಯಲ್ಲ. ಹೊಗೆಸೊಪ್ಪು ಜಗಿದು ಜಗಿದು ಒಡೆದ, ಪ್ರತಿ ಮಾತಿನ ಮೊದಲಕ್ಷರವನ್ನು ಗುದ್ದುವ, ಊರೆಲ್ಲಕ್ಕೂ ಗೊತ್ತಿದ್ದ ಮುದುಕನ ದನಿ.

"ಏಯ್ ಪಟ್ಟಣದ ಕೋಳಿ! ತೆಗಿ ಕೈ! ಕಬ್ಬಿಣಕ್ಕೆ ವಾಸನೆ ಮೆತ್ತಬೇಡ ಅಂತ ಎಷ್ಟು ಸಲ ಬಡ್ಕೊಳ್ಲೋ?"

ಬೋನು ಠಪ್ಪೆಂದು ಬಾಯಿ ಮುಚ್ಚಿತು. ಪೆಲ್ಹಮ್ಮನ ಬಾಯಿ ತೆರೆಯಿತು.

"ನಾನಲ್ಲ! ನಾನು ಮುಟ್ಟೋ ಮುಂಚೇನೇ ನೀನು ಸತ್ತಿದ್ದೆ!"

ಅವನು ತಿರುಗಿದಾಗ ಅಲ್ಲಿ ಮುದುಕನಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಸೊಂಟದ ಬೇಡಿಯ ಮೇಲೆ ಕೈಯಿಟ್ಟು ಐಲಿ ನಿಂತಿದ್ದಳು.

"ಮುಂದೆ ಹೇಳಿ," ಎಂದಳು, ತನ್ನ ದನಿಯಲ್ಲೇ. "ಸತ್ತವನ ಹತ್ರ ಶುರು ಮಾಡಿದ್ದನ್ನ ಬದುಕಿದವಳ ಹತ್ರ ಮುಗಿಸಿ."

ಪೆಲ್ಹಮ್ ಮಣ್ಣಿನ ಪೆಟ್ಟಿಗೆಯ ಅಂಚಿನ ಮೇಲೆ ಕುಸಿದ. "ಇದು ಕಾನೂನಲ್ಲ. ಇದು... ಇದು ಭೂತಚೇಷ್ಟೆ!"

"ಆ ರಾತ್ರಿ ಹೆಣಕ್ಕೆ ಬಟ್ಟೆ ತೊಡಿಸಿದ್ದು ಏನು, ಉಪಚಾರಾನಾ?"

"ಕೊಂದಿಲ್ಲ ನಾನು! ದೇವರಾಣೆ. ಸಂಜೆ ಬಂದೆ. ವೈನೊನೇ ಬಾ ಅಂದಿದ್ದ. ಸೌನಾದಲ್ಲಿ ಹೊಗೆ ಏಳ್ತಿತ್ತು. ಬಾಗಿಲ ಪಕ್ಕ ಎರಡು ಟವೆಲ್ಲು. ಯಾರೂ ಇಲ್ಲ. ಹಿಂದೆ ಹೋಗಿ ನೋಡ್ತೀನಿ, ಕಟ್ಟಿಗೆ ರಾಶಿ ಹತ್ರ ಬೋರಲು ಬಿದ್ದಿದ್ದಾನೆ. ತಲೆ..." ಅವನು ಕಣ್ಣು ಮುಚ್ಚಿಕೊಂಡ.

"ಕಟ್ಟಿಗೆ ರಾಶಿ ಹತ್ರ. ತೊರೆ ಹತ್ರ ಅಲ್ಲ."

"ತೊರೆಗೆ ಎಳ್ಕೊಂಡು ಹೋಗಿದ್ದು ನಾನು. ಅವನದೇ ಹಿಮದ ಜಾರುಬಂಡಿ ಮೇಲೆ."

"ಯಾಕೆ?"

"ಹಿಂದಿನ ದಿನ ಹೋಟ್ಲಲ್ಲಿ ಎಲ್ಲರೆದುರಿಗೇ ಜಗಳ ಆಡಿದ್ದೆ. ಸೂತ್ರ ಕೊಡದಿದ್ರೆ ನೋಡ್ಕೋತೀನಿ ಅಂದಿದ್ದೆ. ಹೆಣ ಮನೆ ಹತ್ರ ಸಿಕ್ರೆ ಮೊದಲು ನನ್ನನ್ನೇ ಹಿಡೀತೀರ. ಕಾಡಲ್ಲಿ ಜಾರಿ ಬಿದ್ದ ಅಂತ ಆದ್ರೆ..." ಬೆವರು ಅವನ ಹೊಸ ಜಾಕೆಟ್ಟಿನ ಕೊರಳಿಗೆ ಇಳಿಯಿತು. "ಮೊಳೆ ಮೇಲಿದ್ದ ಕೈಗವಸು ತೊಡಿಸಿದೆ. ಅವನ ಜೇಬಲ್ಲಿ ಒಂದು ಚಿಕ್ಕ ಸೀಸೆ ಇತ್ತು. ಅದನ್ನ ಕೈಗೆ ಬಳಿದೆ. ಖಾಲಿ ಸೀಸೆ ತೊರೆಗೆ ಎಸೆದೆ."

ಇವನು ಹೇಳಿದ್ದು ಪೂರ್ತಿ ನಿಜವೋ, ಮುಕ್ಕಾಲು ನಿಜವೋ? ಹೆಣ ಎಳೆದವನು ಹೆಣ ಮಾಡಿರಲಾರನೆಂದು ಎಲ್ಲಿದೆ? ಆದರೆ ಎರಡು ಟವೆಲ್ಲು ಐಲಿಯ ತಲೆಯಲ್ಲಿ ಒದ್ದೆಯಾಗಿ ತೂಗಾಡುತ್ತಿದ್ದವು. ವಾರದ ಮಧ್ಯೆ ಸೌನಾ ಕಾಯಿಸುವುದು ಬಹಳ ಬೇಕಾದ ಅತಿಥಿಗೆ. ಈ ಬಣ್ಣದಂಗಿಯವನಿಗೆ ವೈನೊ ಕಾಲು ತೊಳೆಯಲೂ ನೀರು ಕೊಡುತ್ತಿರಲಿಲ್ಲ. ಮಾತು ಬಿಟ್ಟ ಟೌನೊನಿಗಂತೂ ಇಲ್ಲವೇ ಇಲ್ಲ.

"ಜೇಬಲ್ಲಿದ್ದ ಸೀಸೆ ಬಗ್ಗೆ ಹೇಳಿ. ವೈನೊ ಸೀಸೆಗಳೆಲ್ಲ ದೊಡ್ಡವು. ಇಲ್ಲೇ ಕಾಣ್ತಿವೆಯಲ್ಲ."

"ಅದು ಅವನದಲ್ಲ. ಬೆಳಿಗ್ಗೆ ಫೋನಲ್ಲಿ ಹೇಳಿದ್ದ. 'ನನ್ನ ಲೇಹ್ಯ ಬಿಟ್ಟಾಕು, ಅದಕ್ಕಿಂತ ದೊಡ್ಡದೊಂದು ಬಂದಿದೆ. ಮಾಡಿದವನೂ ಇವತ್ತು ಬರ್ತಾನೆ, ಅವನ ಜೊತೆ ಮಾತಾಡು' ಅಂತ."

"ಯಾರಂತೆ ಅವನು?"

"ಕೇಳ್ದೆ. ಒಂದೇ ಸಮ ನಕ್ಕ. 'ಹೆಸರು ಹೇಳಿದ್ರೆ ಈ ಊರಲ್ಲಿ ಅರ್ಧ ಜನ ಮೂರ್ಛೆ ಹೋಗ್ತಾರೆ' ಅಂದ."

ಟ್ರೆಲೋರ್ ಸಾಹೇಬರು ಪೆಲ್ಹಮ್ಮನ ಹೇಳಿಕೆಯನ್ನು ಎರಡು ಸಲ ಹೇಳಿಸಿ, ಮೂರನೆಯ ಸಲ ತಾವೇ ಓದಿ, ಮೀಸೆ ಇಲ್ಲದ ಕಡೆ ಮೀಸೆ ತಿರುವಿದರು.

"ಹಾಗಾದ್ರೆ ಹೆಣ ಬಿದ್ದ ಜಾಗಾನೇ ಬೇರೆ."

"ಬೇರೆ."

"ಟೌನೊ ತೊರೆ ಹತ್ರ ನಿಂತಿದ್ದ ಅನ್ನೋದಕ್ಕೆ ಬೆಲೇನೇ ಇಲ್ಲ."

"ಕಾಸಿನಷ್ಟೂ ಇಲ್ಲ."

"ನಿನ್ನ ರಜೆ ಚೆನ್ನಾಗಿ ಕಳೀತು ಅನ್ನು." ಅವರು ಕಿಟಕಿಯಾಚೆ ನೋಡಿದರು. ಕೋರ್ಟಿನ ವ್ಯಾನು ಅಂಗಳಕ್ಕೆ ತಿರುಗುತ್ತಿತ್ತು. "ಖಾಲಿ ಬಂದದ್ದು ಖಾಲಿ ಹೋಗೋದು ಬೇಡ, ಇವನನ್ನ ಹತ್ತಿಸೋಣ. ಆ ಕೈಗವಸು ಒಳಗೆ ತಾ. ನೂಲಿಲ್ಲದ್ದನ್ನ ನಾನು ಕಣ್ಣಾರೆ ನೋಡಿ ಬರ್ಕೋಬೇಕು. ನಿಮ್ಮ ಚಿಕ್ಕಪ್ಪ ಗುರುತು ಹೇಳ್ಲಿ. ಮೂಗಿನ ಕಥೆ ಆಮೇಲೆ."

ಐಲಿ ಲಾಕಪ್ಪಿನ ಬೀಗ ತೆಗೆದಳು. ಟೌನೊ ಬಗ್ಗಿ ಹೊರಬಂದ. ಬಾಗಿಲು ಎತ್ತರವಾಗಿಯೇ ಇತ್ತು; ಮೂರು ದಿನದಲ್ಲಿ ಬಗ್ಗುವುದು ಅಭ್ಯಾಸವಾಗಿತ್ತು.

"ಏನೇ ಹುಡುಗಿ, ಬಿಡಿಸೇಬಿಟ್ಯಾ?"

"ಕೋರ್ಟಿಗೆ ಹೋಗೋ ಆಸೆ ಇತ್ತಾ?"

"ಊಟ ಚೆನ್ನಾಗಿರುತ್ತಂತೆ ಅಲ್ಲಿ." ಮೂರು ದಿನಗಳ ಮೇಲೆ ಅವನ ಮುಖದಲ್ಲಿ ಒಂದು ಗೆರೆ ಸಡಿಲಾಯಿತು.

"ಒಂದೇ ಒಂದು ಹೇಳು. ವೈನೊ ದಾರೀಲಿ ನೀನ್ಯಾಕೆ ಹೋಗಿದ್ದೆ ಆವತ್ತು?"

ಗೆರೆ ಮತ್ತೆ ಬಿಗಿಯಿತು. "ಸುಮ್ನೆ."

ಮೂರು ದಿನದಿಂದ ಅದೇ ಉತ್ತರ. ಬಿಡುಗಡೆಯ ಬಾಗಿಲಲ್ಲೂ ಅದೇ. ಐಲಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಕೆಳಗೆ, ಇನ್ನೇನೋ ಒಂದು, ತಣ್ಣಗೆ.

ಅವಳು ಜಗಲಿಯಿಂದ ಚೀಲ ತಂದು ಒಲೆಯ ಪಕ್ಕದ ಮೇಜಿನ ಮೇಲೆ ಬಿಚ್ಚಿದಳು. ಮರದ ಕೈಗಳಂತೆ ಸೆಟೆದಿದ್ದ ಕೈಗವಸು. ಸಾಹೇಬರು ಮೂಗು ಹಿಡಿದು, ಮಣಿಕಟ್ಟಿನ ಸುತ್ತ ನೋಡಿ, "ದೂಲಿಲ್ಲ, ದಿಜ," ಎಂದು ಬರೆದುಕೊಂಡರು. ಪೆಲ್ಹಮ್ ಕುರ್ಚಿಯಲ್ಲಿ ಮುಖ ತಿರುಗಿಸಿದ. ಟೌನೊ ತಾನಾಗಿಯೇ ಬಗ್ಗಿ ನೋಡಿ, "ಕಬ್ಬಿಣದ್ದೇ. ಇದಕ್ಕೆ ಲೇಹ್ಯ ಬಳಿದಿದ್ದಾನಲ್ಲ, ಕತ್ತೆ," ಎಂದ, ಸತ್ತವನ ಪರವಾಗಿ ನಿಜವಾದ ನೋವಿನಿಂದ.

ಕಬ್ಬಿಣದ ಒಲೆ ಕೆಂಪಗೆ ಉರಿಯುತ್ತಿತ್ತು. ಚರ್ಮ ಮೆಲ್ಲಗೆ ಮೆತ್ತಗಾಯಿತು. ಹೊರಗಿನ ಚಳಿಯಲ್ಲಿ ಅರಚುತ್ತಿದ್ದದ್ದು ಸ್ಕಂಕ್ ಒಂದೇ, ಉಳಿದದ್ದೆಲ್ಲ ಮಲಗಿತ್ತು. ಈಗ ಬೆಚ್ಚಗಾಗಿ ಒಂದೊಂದೇ ಎದ್ದವು. ಮೊದಲು ಬೀವರ್. ಆಮೇಲೆ ಮೀನೆಣ್ಣೆ.

ಟೌನೊ ಇನ್ನೂ ಬಗ್ಗಿಯೇ ಇದ್ದ. ಅವನ ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಮತ್ತೊಮ್ಮೆ. ಆಮೇಲೆ ಅವನು ನೆಟ್ಟಗೆ ನಿಂತ, ಮೂರು ದಿನದಲ್ಲಿ ಮೊದಲ ಬಾರಿಗೆ ಪೂರ್ತಿ ನೆಟ್ಟಗೆ.

"ಷೆರೀಫರೇ," ಎಂದ. "ಬರ್ಕೊಳ್ಳಿ. ವೈನೊನ್ನ ಕೊಂದಿದ್ದು ನಾನು."

ಸಾಹೇಬರ ಕೈ ಮೂಗಿನಿಂದ ಜಾರಿತು.

"ಚಿಕ್ಕಪ್ಪಾ!"

"ನೀನು ಸುಮ್ನಿರು. ಬರ್ಕೊಳ್ಳಿ ಅಂದೆನಲ್ಲ. ತೊರೆ ಹತ್ರ, ಕಲ್ಲಲ್ಲಿ ಹೊಡೆದೆ. ಹಳೇ ಜಗಳ. ಈ ಪಟ್ಟಣದವನದು ತಪ್ಪಿಲ್ಲ, ಬಿಟ್ಟುಬಿಡಿ."

"ತೊರೆ ಹತ್ರ?" ಎಂದ ಪೆಲ್ಹಮ್, ತನ್ನ ಅದೃಷ್ಟವನ್ನು ತಾನೇ ನಂಬದೆ. "ಅಲ್ಲ, ಅವನು ಬಿದ್ದಿದ್ದು..."

"ಬಾಯಿ ಮುಚ್ಚಿ," ಎಂದಳು ಐಲಿ.

ವೈನೊ ಸತ್ತದ್ದು ಸೌನಾದ ಕಟ್ಟಿಗೆ ರಾಶಿಯ ಬಳಿ. ಅದು ಟೌನೊನಿಗೆ ಗೊತ್ತೇ ಇಲ್ಲ. ಮಾಡದ ಕೊಲೆಯನ್ನು ತಪ್ಪು ಜಾಗದಲ್ಲಿ ಮಾಡುತ್ತಿದ್ದಾನೆ. ಬಾಗಿಲು ತೆರೆದುಕೊಟ್ಟ ಮೇಲೆ ತಾನೇ ಒಳಗೆ ಹೋಗಿ ಬೀಗ ಹಾಕಿಕೊಳ್ಳುತ್ತಿದ್ದಾನೆ. ಯಾಕೆ? ಏನು ಕಂಡ?

ಕಂಡದ್ದಲ್ಲ. ಮೂಸಿದ್ದು.

ಐಲಿ ಮೇಜಿನ ಬಳಿ ಬಂದು ಕೈಗವಸನ್ನು ಮುಖದ ಹತ್ತಿರಕ್ಕೆ ಎತ್ತಿದಳು. ಟೌನೊ ತಡೆಯಲು ಕೈ ಚಾಚಿದ, ತಡವಾಗಿತ್ತು. ಸ್ಕಂಕಿನಡಿ ಬೀವರ್, ಬೀವರಿನಡಿ ಮೀನು, ಮೀನಿನಡಿ, ಎಲ್ಲಕ್ಕಿಂತ ಕೆಳಗೆ, ಬೆಚ್ಚಗೆ, ಸಿಹಿಯಾಗಿ, ಅಮ್ಮನ ಅಡುಗೆಮನೆ.

ಏಲಕ್ಕಿ.

ಹಳೆಯದಲ್ಲ. ಏಲಕ್ಕಿಯ ಘಮ ಲೇಹ್ಯದಲ್ಲಿ ಎರಡು ಚಳಿಗಾಲ ದಾಟುವುದಿಲ್ಲ. ಇದು ಕಳೆದ ಬೇಸಿಗೆಯ ಬಿಸಿಲು ಕುಡಿದದ್ದು. ಅಪ್ಪನ ಸೀಸೆಗಳನ್ನು ಅವಳ ಕೈಯಾರೆ ಸರೋವರಕ್ಕೆ ಸುರಿದಾಗಿತ್ತು. ಗುಟ್ಟು ಗೊತ್ತಿದ್ದವರು ಮೂವರು. ಒಬ್ಬಳು ಕೈಗವಸು ಹಿಡಿದು ನಿಂತಿದ್ದಾಳೆ. ಒಬ್ಬ, ಇದನ್ನು ಮಾಡಿದವನು ತಾನಾಗಿದ್ದರೆ, ಮೂಸಿ ಬೆಚ್ಚುತ್ತಿರಲಿಲ್ಲ. ಉಳಿದ ಒಬ್ಬನದು ಸಿಕ್ಕಿದ್ದು ಟೋಪಿ ಮಾತ್ರ.

"ಚಿಕ್ಕಪ್ಪ," ಎಂದಳು. ಊರಿನ ಪ್ರತಿಯೊಬ್ಬರ ದನಿಯನ್ನೂ ಕದ್ದಿಟ್ಟುಕೊಂಡಿದ್ದ ಅವಳಿಗೆ ಆ ಗಳಿಗೆ ತನ್ನ ದನಿಯೇ ಸಿಗಲಿಲ್ಲ. "ಯಾರನ್ನ ಕಾಪಾಡ್ತಿದ್ದೀಯ ನೀನು?"

"ಯಾರನ್ನೂ ಇಲ್ಲ."

"ಆ ದಾರೀಲಿ ಯಾರನ್ನ ಹುಡುಕ್ಕೊಂಡು ಹೋಗಿದ್ದೆ?"

"ಸುಮ್ನೆ ಅಂದೆನಲ್ಲ!" ಅವನ ಕಣ್ಣು ತುಂಬಿತ್ತು. "ಬಿಟ್ಬಿಡೇ ಹುಡುಗಿ. ವ್ಯಾನ್ ಬಂದಿದೆ. ನಾನು ಹೋಗ್ತೀನಿ. ನೀನು ಅದನ್ನ ಒಲೆಗೆ ಹಾಕು."

ಅಂಗಳದಲ್ಲಿ ವ್ಯಾನಿನ ಬಾಗಿಲು ಬಡಿಯಿತು. ಅದೇ ಹೊತ್ತಿಗೆ ಸಾಹೇಬರ ಮೇಜಿನ ಮೇಲೆ ಫೋನು ಟ್ರಿಣ್ ಎಂದಿತು.

ಟ್ರೆಲೋರ್ ರಿಸೀವರ್ ಎತ್ತಿ, "ಷೆರೀಫ್ ಕಚೇರಿ," ಎಂದರು. ಕೇಳಿಸಿಕೊಂಡರು. ಅವರ ಹುಬ್ಬು ಗಂಟಿಕ್ಕಿ, ಬಿಚ್ಚಿ, ಮತ್ತೆ ಗಂಟಿಕ್ಕಿತು. ಟೌನೊನ ತುಟಿ ನೋಡಿದರು; ಮುಚ್ಚಿತ್ತು. ಐಲಿಯ ತುಟಿ ನೋಡಿದರು, ಅದೂ ಮುಚ್ಚಿತ್ತು.

ರಿಸೀವರಿನ ಬಾಯಿಗೆ ಅಂಗೈ ಒತ್ತಿ, ಪಿಸುದನಿಯಲ್ಲಿ ಕೇಳಿದರು:

"ಮತ್ತೆ ಅದೇ, 'ಹುಡುಗಿ ಇದಾಳಾ' ಅಂತ. ಟೌನೊ ದನಿ. ಟೌನೊ ಇಲ್ಲೇ ಇದ್ದಾನೆ, ಮಿಮಿಕ್ರಿ ಮಾಡೋ ನೀನೂ ಇಲ್ಲೇ ಇದ್ದೀಯ. ಹಾಗಾದ್ರೆ ಆ ಕಡೆಯಿಂದ ಮಾತಾಡ್ತಿರೋದು ಯಾರು?"